ಬೋರಕ್ಕನನ್ನು ಹೊತ್ತ ಕಂಬಳಿಚೀಲ

ಬಹಳ ಬಹಳ ಹಿಂದೆ, ಮುಳ್ಳುಪೊದೆಗಳಿಗೂ ಕೈಗಳಿದ್ದ ಕಾಲದಲ್ಲಿ, ಹೊನ್ನೆಮರಡಿ ಎಂಬ ರಾಜ್ಯವಿತ್ತು. ಅಲ್ಲಿಯ ಬೇಟೆಗಾರರಲ್ಲಿ ಒಂದು ಪದ್ಧತಿ. ಬೇಟೆಗೆ ಹೊರಟವನು ಬೆನ್ನಿಗೆ ಚೀಲ ಹಾಕಿಕೊಂಡು ಮುಂದೆ ನಡೆಯಬೇಕು, ಅವನ ಹಿಂದೆ ಇನ್ನೊಬ್ಬರು ಬರಬೇಕು. ಹಾಗೆ ಹಿಂದೆ ಬರುವವರಿಗೆ ಬೆನ್ನುಗಣ್ಣು ಎಂದು ಹೆಸರು. ಚೀಲ ವಾಲಿದರೆ ನೆಟ್ಟಗೆ ಮಾಡುವುದು, ಪಟ್ಟಿ ಸಡಿಲವಾದರೆ ಜಗ್ಗಿ ಬಿಗಿಯುವುದು, ಹೊಲಿಗೆ ಬಿಟ್ಟರೆ ಕೂಗಿ ಹೇಳುವುದು ಬೆನ್ನುಗಣ್ಣಿನ ಕೆಲಸ. ತನ್ನ ಬೆನ್ನು ತನಗೆ ಕಾಣುತ್ತದೆಯೇ? ಕಾಣುವುದಿಲ್ಲ. ಅದಕ್ಕೇ ಈ ಏರ್ಪಾಡು.

ಆ ರಾಜ್ಯದಲ್ಲಿ ಕಾಟಯ್ಯ ಎಂಬ ಯುವಕನಿದ್ದ. ಅವನ ಬೆನ್ನುಗಣ್ಣು ಅವನ ಅಕ್ಕ ಬೋರಕ್ಕ. ತಾಯಿಯಿಲ್ಲದ ಅವನನ್ನು ಸಾಕಿ ಬೆಳೆಸಿದವಳು ಅವಳೇ. ಕಾಡಿನ ದಾರಿಯುದ್ದಕ್ಕೂ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

"ಲೇ ಕಾಟ, ನೆಟ್ಟಗೆ ನಡಿಯೋ. ಎಡಗಡೀಕೆ ವಾಲ್ತೈತೆ ಚೀಲ," ಎನ್ನುವಳು. ಪಟ್ಟಿಯನ್ನು ಎರಡು ಸಲ ಜಗ್ಗಿ, ಬೆನ್ನಿಗೊಂದು ಗುದ್ದು ಗುದ್ದುವಳು. ಗುದ್ದು ಬಿತ್ತೆಂದರೆ ಎಲ್ಲ ಸರಿಯಿದೆ ಎಂದರ್ಥ. ಆ ಗುದ್ದು ತಿಂದು ತಿಂದೇ ಹುಡುಗ ಇಷ್ಟೆತ್ತರ ಬೆಳೆದ ಎಂದು ಊರವರು ನಗುತ್ತಿದ್ದರು.

ಒಂದು ದಿನ ಅಕ್ಕ ತಮ್ಮ ಬೇಟೆಯಾಡುತ್ತ ಹೋಗಿ, ಹೋದವರಾರೂ ತಿರುಗಿ ಬಾರದ ಮಸಿಬೆಟ್ಟದ ತುದಿ ತಲುಪಿದರು. ಅದು ಕಲ್ಗಣ್ಣ ಎಂಬ ಮಾಂತ್ರಿಕನ ಬೆಟ್ಟ. ಎದುರಿಗೆ ಒಂದು ಜಿಂಕೆ ನಿಂತಿತ್ತು. ಕಾಟಯ್ಯ ಬಿಲ್ಲೆತ್ತಿದ. ಬೋರಕ್ಕ ಹಿಂದಿನಿಂದ ಅವನ ಕೈ ಹಿಡಿದಳು.

"ತಡಿಯೋ. ಅದು ಅಳ್ತೈತೆ. ಯಾರವ್ವಾ ನೀನು?" ಎಂದು ಜಿಂಕೆಯನ್ನೇ ಕೇಳಿದಳು.

ಅಷ್ಟು ಕೇಳಿದ್ದೇ ತಡ, ಬಂಡೆಯ ಹಿಂದಿನಿಂದ ಕಲ್ಗಣ್ಣ ಎದ್ದುಬಂದ. ಆ ಬೆಟ್ಟದ ಪ್ರಾಣಿಗಳೆಲ್ಲ ಅವನು ಮಾಯೆ ಮಾಡಿಟ್ಟ ಮನುಷ್ಯರು. ಗುಟ್ಟು ಹಿಡಿದವಳ ಮೇಲೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಒಂದು ಹಿಡಿ ಬೂದಿ ಎರಚಿದ. ಬೋರಕ್ಕ ನಿಂತಲ್ಲೇ ಕಂದು ಬಣ್ಣದ ಮೊಲವಾದಳು.

ಕಾಟಯ್ಯ ಬಿಲ್ಲು ಬಿಸಾಡಿದ. ಕಲ್ಗಣ್ಣನ ಕಾಲು ಹಿಡಿದು ಬೇಡಿಕೊಂಡ.

ಮಾಂತ್ರಿಕ ನಕ್ಕು ಹೇಳಿದ: "ಇವಳನ್ನು ಚೀಲದಲ್ಲಿ ಕೂರಿಸಿ, ಬೆನ್ನ ಮೇಲೆ ಹೊತ್ತು, ನಿನ್ನ ಮನೆಯ ಹೊಸ್ತಿಲು ದಾಟಿಸು. ದಾಟಿಸಿದರೆ ಇವಳ ಮಾಯೆಯೂ ಬಿಡುತ್ತದೆ, ಈ ಬೆಟ್ಟದ ಮಾಯೆಯೆಲ್ಲ ಬಿಡುತ್ತದೆ. ನಡುವೆ ಚೀಲ ನೆಲ ಮುಟ್ಟಿದರೆ ನೀವಿಬ್ಬರೂ ಸಾಯುವ ತನಕ ಮೊಲಗಳೇ. ಇದುವರೆಗೆ ಎಷ್ಟೋ ಜನ ಬಂದರು, ಒಬ್ಬರ ಚೀಲವೂ ಉಳಿಯಲಿಲ್ಲ." ಹೀಗೆಂದು ಕಾಟಯ್ಯನ ಚೀಲವನ್ನು ಉಗುರಿನಿಂದ ಸರ್ರನೆ ಸೀಳಿದ. "ಹೋಗು, ಬೇರೆ ಚೀಲ ತಾ!"

ಕಾಟಯ್ಯ ಓಡೋಡುತ್ತ ಹೊನ್ನೆಮರಡಿಯ ದೊರೆ ಗುಣಮಲ್ಲನ ಮುಂದೆ ಬಂದು ನಿಂತ. ದೊರೆ ದಪ್ಪಗೆ, ದುಂಡಗೆ, ಒಳ್ಳೆಯ ಮನುಷ್ಯ. ಅವನ ಮಗನೂ ಮಸಿಬೆಟ್ಟಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಕತೆಯೆಲ್ಲ ಕೇಳಿ ದೊರೆಯ ಕಣ್ಣು ತುಂಬಿತು. ಉಗ್ರಾಣ ತೆರೆಸಿ, ಇದ್ದುದರಲ್ಲಿ ಒಳ್ಳೆಯ ಮೂರು ಚೀಲ ತರಿಸಿದ. ಒಂದು ಜರತಾರಿಯ ಮಖಮಲ್ಲಿನದು. ಒಂದು ಕೋಣದ ಚರ್ಮದ್ದು. ಇನ್ನೊಂದು ಕುರಿಯ ಉಣ್ಣೆಯಿಂದ ಕಂಬಳಿಯ ಹಾಗೆ ಒತ್ತಾಗಿ ನೇಯ್ದದ್ದು.

"ಯಾವುದು ಬೇಕೋ ತಗೊಳ್ಳಯ್ಯ," ಎಂದ ದೊರೆ.

"ಬರೀ ಚೀಲ ನೋಡಿ ಏನು ಹೇಳಾಕಾಗ್ತದೆ ಬುದ್ಧಿ? ಖಾಲಿ ಇದ್ದಾಗ ಎಲ್ಲವೂ ಹಿತವಾಗೇ ಇರ್ತಾವೆ. ರಾಗಿ ತುಂಬಿಸಿ, ಕೋಟೆ ಮೆಟ್ಟಿಲು ಹತ್ತಿ ನೋಡಬೇಕು. ಹಿಂದೆ ಒಬ್ಬರು ಬೆನ್ನುಗಣ್ಣು ಬೇಕು," ಎಂದ ಕಾಟಯ್ಯ. ಬೆನ್ನುಗಣ್ಣು ಎನ್ನುವಾಗ ಅವನು ತಿರುಗಿ ತನ್ನ ಬೆನ್ನ ಹಿಂದೆ ನೋಡಿದ.

ದೊರೆಗೆ ಅದು ತಿಳಿಯಿತು. "ನಾನೇ ಬರ್ತೀನಿ, ನಡಿ," ಎಂದು ಪಂಚೆ ಎತ್ತಿ ಕಟ್ಟಿ ಎದ್ದುಬಿಟ್ಟ.

ಮಖಮಲ್ಲಿನ ಚೀಲಕ್ಕೆ ರಾಗಿ ತುಂಬಿಸಿ ಕಾಟಯ್ಯ ಮೆಟ್ಟಿಲು ಹತ್ತಿದ. ಹಿಂದೆ ದೊರೆ ಉಸ್ಸೆಂದು ಉಸಿರು ಬಿಡುತ್ತ ಹತ್ತಿದ. ಅರ್ಧ ದಾರಿಗೆ ಹೊಲಿಗೆ ಪರ್ರನೆ ಬಿಟ್ಟು ರಾಗಿಯೆಲ್ಲ ಚೆಲ್ಲಿತು. ದೊರೆ ಅದರ ಮೇಲೆ ಜಾರಿ, ಕುಳಿತ ಭಂಗಿಯಲ್ಲೇ ಕೆಳಗಿನ ತನಕ ಬಂದ. ಕಾವಲುಗಾರರು ಗೋಡೆಯ ಕಡೆ ತಿರುಗಿ ನಕ್ಕರು.

ಕೋಣದ ಚರ್ಮದ ಚೀಲ ಹರಿಯಲಿಲ್ಲ. ಆದರೆ ಅದರ ಮೈಯೇ ಭಾರ, ಪಟ್ಟಿ ಸಣ್ಣ. ಮೇಲೆ ತಲುಪುವಷ್ಟರಲ್ಲಿ ಕಾಟಯ್ಯನ ಹೆಗಲಲ್ಲಿ ಕೆಂಪಗೆ ಬರೆ ಎದ್ದಿತ್ತು.

"ಚರ್ಮ ಗಟ್ಟಿ ಇದೆಯಲ್ಲಯ್ಯ," ಎಂದ ದೊರೆ ಏದುಸಿರಿನಲ್ಲಿ.

"ಚೀಲ ಉಳಿದು ಹೆಗಲು ಹೋದರೆ ಹೊರೋರು ಯಾರು ಬುದ್ಧಿ?" ಎಂದ ಕಾಟಯ್ಯ.

ಕಂಬಳಿಚೀಲಕ್ಕೆ ಅಂಗೈಯಗಲದ ಮೆತ್ತನೆಯ ಪಟ್ಟಿಗಳಿದ್ದವು. ಸೊಂಟಕ್ಕೆ ಕಟ್ಟಲು ಇನ್ನೊಂದು ಪಟ್ಟಿ ಇತ್ತು. ತುಂಬಿಸಿ ಹೊತ್ತಾಗ ಭಾರವೆಲ್ಲ ಸೊಂಟಕ್ಕೆ ಇಳಿದು ಹೆಗಲು ಹಗುರವಾಯಿತು. ಕಾಟಯ್ಯ ಮೆಟ್ಟಿಲು ಹತ್ತಿದ, ಇಳಿದ, ಮತ್ತೆ ಹತ್ತಿದ. ದೊರೆಗೆ ಮಾತಾಡಲೂ ಉಸಿರಿರಲಿಲ್ಲ, ಕೈಯಾಡಿಸಿ 'ಇದೇ, ಇದೇ' ಎಂದು ಸನ್ನೆ ಮಾಡಿದ. ಕಾಟಯ್ಯನಿಗೂ ಅದೇ ಒಪ್ಪಿಗೆಯಾಯಿತು. ಆದರೆ ಉಣ್ಣೆಯ ಪಟ್ಟಿ ನೆಂದರೆ ಹಿಗ್ಗುತ್ತದೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ದೊರೆ ಹೊಸ ಬೆನ್ನುಗಣ್ಣು. ಕಾಟಯ್ಯನಿಗೋ, ಇಂಥದ್ದನ್ನೆಲ್ಲ ಅಕ್ಕ ನೋಡಿಕೊಳ್ಳುತ್ತಿದ್ದಳು.

ಮೆಟ್ಟಿಲಿಗೇ ಸೋತ ದೊರೆಯನ್ನು ಕೋಟೆಯಲ್ಲೇ ಬಿಟ್ಟು, ಕಾಟಯ್ಯ ಒಬ್ಬನೇ ಮಸಿಬೆಟ್ಟಕ್ಕೆ ಹೋಗಿ ಮೊಲವನ್ನು ಎತ್ತಿ ಎದೆಗೊತ್ತಿಕೊಂಡ. "ಬಾ ಅಕ್ಕ, ಮನೆಗೆ ಹೋಗಾಣ," ಎಂದು ಚೀಲದಲ್ಲಿ ಕೂರಿಸಿ ಹೊರಟ.

ಮೊದಲು ಬಂದದ್ದು ಮುಳ್ಳುಕಾಡು. ಪೊದೆಗಳು ಕೈ ಚಾಚಿ ಚೀಲವನ್ನು ಕಿತ್ತವು, ಪರಚಿದವು, ಎಳೆದಾಡಿದವು. ಅವುಗಳ ಮುಷ್ಟಿಗೆ ಉಣ್ಣೆಯ ಎಳೆಗಳು ಬಂದವೇ ಹೊರತು ನೇಯ್ಗೆ ಬಿಡಲಿಲ್ಲ. ಪಾಪ, ಹುಟ್ಟಿದಾಗಿನಿಂದ ಚಳಿಯಲ್ಲಿ ನಡುಗಿದ ಪೊದೆಗಳು ಅವು. ಬೆಚ್ಚನೆಯ ಉಣ್ಣೆ ಸಿಕ್ಕಿದ್ದೇ ಅದನ್ನು ಕೆನ್ನೆಗೊತ್ತಿಕೊಂಡು ಗೊರಕೆ ಹೊಡೆದವು. ಕಾಟಯ್ಯ ಮೆಲ್ಲಗೆ ದಾಟಿಕೊಂಡ. ದಾಟಿದೊಡನೆ ಕಲ್ಗಣ್ಣನ ಮಾಯೆಯಿಂದ ಬೆನ್ನ ಮೇಲಿನ ಮೊಲ ಮೇಕೆಯಷ್ಟು ಭಾರವಾಯಿತು.

ಆಮೇಲೆ ಬಂದದ್ದು ಒಂದು ಹೊಳೆ. ಮನುಷ್ಯರನ್ನು ಕಂಡರೆ ಅಟ್ಟಿಸಿಕೊಂಡು ಬರುವ ಹೊಳೆ ಅದು. ಕಾಟಯ್ಯ ಎಡಕ್ಕೆ ಓಡಿದರೆ ಎಡಕ್ಕೆ ಬಂತು, ಬಲಕ್ಕೆ ಓಡಿದರೆ ಬಲಕ್ಕೆ ಬಂತು. ಕೊನೆಗೆ ಓಡುವುದನ್ನು ಬಿಟ್ಟು ನಡುನೀರಿಗೇ ನುಗ್ಗಿದ. ಅಲೆ ತಲೆಯ ಮೇಲೆ ಹಾದುಹೋಯಿತು. ಒದ್ದೆಯಾದರೂ ಕಂಬಳಿ ಬೆಚ್ಚಗಿತ್ತು, ಒಳಗೆ ಮೊಲ ಸೀನಲೂ ಇಲ್ಲ. ಆದರೆ ದಡ ಹತ್ತಿದೊಡನೆ ಅದು ಬೀಸುವ ಕಲ್ಲಿನಷ್ಟು ಭಾರವಾಯಿತು.

ಇನ್ನು ಉಳಿದದ್ದು ಹೊನ್ನೆಮರಡಿಯ ಏರು. ಮೇಲೆ ಮನೆಯ ಹೊಗೆ ಕಾಣುತ್ತಿತ್ತು. ಕಾಟಯ್ಯ ಹತ್ತತೊಡಗಿದ. ನೆಂದ ಪಟ್ಟಿಗಳು ಹಿಗ್ಗಿದವು. ಚೀಲ ಬೆನ್ನಿನಿಂದ ಸೊಂಟಕ್ಕೆ ಜಾರಿತು, ಸೊಂಟದಿಂದ ತೊಡೆಗೆ ಜಾರಿತು. ಪಟ್ಟಿಯ ತುದಿ ಇರುವುದು ಹಿಂದೆ, ಚೀಲದ ಬಾಯಿಯ ಹತ್ತಿರ. ಹೊತ್ತವನ ಕೈಗೆ ಅದು ಎಟುಕುವುದಿಲ್ಲ. ಇನ್ನೊಂದು ಗೇಣು ಜಾರಿದರೆ ಏರಿನ ಕಲ್ಲಿಗೆ ತಾಗುತ್ತದೆ. ಕಾಟಯ್ಯನಿಗೆ ಅಳು ಬಂತು.

ಅಷ್ಟರಲ್ಲಿ ಹಿಂದಿನಿಂದ ದೊರೆಯ ದನಿ ಕೇಳಿಸಿತು. "ನಿಲ್ಲಯ್ಯ ಕಾಟಯ್ಯ! ನಿನಗೋಸ್ಕರ ನಾನೇ ಇಳಿದು, ಮತ್ತೆ ಹತ್ತಿ ಬಂದೆ. ನಾನು ನಿನ್ನ ಬೆನ್ನುಗಣ್ಣಲ್ಲವೇ? ಚೀಲ ಒಂದು ಗಳಿಗೆ ಕೆಳಗಿಡು, ಪಟ್ಟಿ ಬಿಗಿದುಕೊಡ್ತೀನಿ."

ಅದೇ ದಪ್ಪ ಮೈ, ಅದೇ ಎತ್ತಿ ಕಟ್ಟಿದ ಪಂಚೆ. ಕಾಟಯ್ಯನ ಮೊಣಕಾಲು ಬಗ್ಗಿಯೇಬಿಟ್ಟಿತ್ತು. ಆದರೆ ಏನೋ ಸರಿಯಿಲ್ಲ ಅನಿಸಿತು. ಕೋಟೆಯ ಮೆಟ್ಟಿಲಿಗೇ ಉಸ್ಸೆಂದ ದೊರೆ, ಇಂಥ ಏರು ಹತ್ತಿಯೂ ಏದುಸಿರು ಬಿಡದೆ ಇಷ್ಟುದ್ದ ಮಾತಾಡುವುದುಂಟೇ?

"ನೀನು ನಮ್ಮ ದೊರೆ ಅಲ್ಲ, ಕಲ್ಗಣ್ಣ!" ಎಂದು ಕೂಗಿ ಬಗ್ಗಿದ ಮೊಣಕಾಲನ್ನು ನೆಟ್ಟಗೆ ಮಾಡಿದ. ದೊರೆಯ ಮುಖ ಕಳಚಿ ಮಾಂತ್ರಿಕ ಹಲ್ಲು ಕಡಿದ. ಆದರೂ ಚೀಲ ಜಾರುತ್ತಲೇ ಇತ್ತು.

ಆಗ ಬೆನ್ನ ಹಿಂದೆ ಏನೋ ಸರಸರ ಸದ್ದಾಯಿತು. ಮೊಲ ಚೀಲದ ಬಾಯಿಂದ ತಲೆ ಹೊರಹಾಕಿ, ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿತು. ಕಲ್ಗಣ್ಣ ಮೈಗೆ ಹೊರಿಸಿದ ಅಷ್ಟೂ ಭಾರವನ್ನು ಹಾಕಿ ಜಗ್ಗಿತು. ಒಂದು ಸಲ. ಇನ್ನೊಂದು ಸಲ. ಚೀಲ ಸರ್ರನೆ ಮೇಲೆ ಬಂದು ಬೆನ್ನಿಗೆ ಕೂತಿತು. ಆಮೇಲೆ ಹಿಂಗಾಲಿನಿಂದ ಕಾಟಯ್ಯನ ಬೆನ್ನಿಗೆ ಧಬಕ್ಕನೆ ಒಂದು ಗುದ್ದು!

ಆ ಗುದ್ದು ಬಿದ್ದದ್ದೇ ಕಾಟಯ್ಯನಿಗೆ ಆನೆಬಲ ಬಂತು. ಅಳುತ್ತ, ನಗುತ್ತ, ಬೀಸುವ ಕಲ್ಲಿನ ಭಾರ ಹೊತ್ತು ಏರನ್ನೆಲ್ಲ ಓಡಿ ಹತ್ತಿದ. ಮನೆಯ ಹೊಸ್ತಿಲನ್ನು ಒಂದೇ ನೆಗೆತಕ್ಕೆ ದಾಟಿದ.

ಚೀಲದಿಂದ ಎರಡು ಉದ್ದನೆಯ ಕಾಲುಗಳು ಹೊರಗೆ ಬಂದವು, ಆಮೇಲೆ ಕೈ, ಆಮೇಲೆ ಬೋರಕ್ಕನ ಕೆದರಿದ ತಲೆ.

"ಉಣ್ಣೆ ಪಟ್ಟಿ ನೆಂದರೆ ಬಿಗೀಬೇಕು ಅಂತ ಎಷ್ಟು ಸಲ ಹೇಳೀನೋ ನಿನಗೆ! ಇನ್ನೊಂದು ಗಳಿಗೆ ಆಗಿದ್ರೆ ಇಬ್ರೂ ಹುಲ್ಲು ಮೇಯ್ಕಂಡಿರಬೇಕಿತ್ತು," ಎಂದು ಬೈದಳು. ಬೈಯುತ್ತಲೇ ತಮ್ಮನನ್ನು ತಬ್ಬಿಕೊಂಡು ಅತ್ತಳು.

ಬೋರಕ್ಕನ ಮೈಯಿಂದ ಇಳಿದ ಭಾರವೆಲ್ಲ ಹೋಗಿ ಕಲ್ಗಣ್ಣನ ಮೇಲೆ ಬಿತ್ತು. ಅವನು ಏರಿನಲ್ಲೇ ಕುಸಿದು ಬಂಡೆಯಾದ. ಮಸಿಬೆಟ್ಟದ ಜಿಂಕೆ, ನವಿಲು, ಕಾಡುಹಂದಿಗಳೆಲ್ಲ ಮನುಷ್ಯರಾಗಿ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಊರಿಗೆ ಬಂದರು. ನವಿಲಾಗಿದ್ದ ರಾಜಕುಮಾರನನ್ನು ಕಂಡು ದೊರೆ ಗುಣಮಲ್ಲ ನಿಜವಾದ ಏದುಸಿರು ಬಿಡುತ್ತ ಓಡಿ ಅಪ್ಪಿಕೊಂಡ. ಊರಿಗೆಲ್ಲ ಹೋಳಿಗೆಯ ಊಟವಾಯಿತು.

ದೊರೆ ಬೋರಕ್ಕನ ಬಳಿ ಬೆನ್ನುಗಣ್ಣಿನ ವಿದ್ಯೆ ಕಲಿತು ತಕ್ಕಮಟ್ಟಿಗೆ ತೆಳ್ಳಗೂ ಆದ. ಅಕ್ಕ ತಮ್ಮ ಬಹಳ ಕಾಲ ನಗುನಗುತ್ತ ಬಾಳಿದರು. ಬಿಲ್ಲೆತ್ತುವ ಮೊದಲು ಎದುರಿಗಿರುವ ಪ್ರಾಣಿಯ ಕಣ್ಣು ನೋಡುವುದನ್ನು ಮಾತ್ರ ಎಂದೂ ಮರೆಯಲಿಲ್ಲ. ಪಟ್ಟಿಯ ತುದಿಯನ್ನು ಮುಂದಕ್ಕೆ ತಂದು, ತಾನೇ ಬಿಗಿದುಕೊಳ್ಳುವುದನ್ನೂ ಕಾಟಯ್ಯ ಚೆನ್ನಾಗಿ ಕಲಿತ. ಆದರೂ ಮನೆಯಿಂದ ಹೊರಡುವಾಗ ಒಂಚೂರು ಸಡಿಲ ಬಿಟ್ಟೇ ಹೊರಡುತ್ತಿದ್ದ. ಬೋರಕ್ಕ ಹಿಂದಿನಿಂದ ಬೈಯುತ್ತ ಬಂದು, ಎರಡು ಸಲ ಜಗ್ಗಿ, ಬೆನ್ನಿಗೊಂದು ಗುದ್ದು ಕೊಡುವ ತನಕ ಮುಂದಿನ ಹೆಜ್ಜೆ ಇಡುತ್ತಿರಲಿಲ್ಲ.