ಹತ್ತು ಎಣಿಸುವವರೆಗೆ

"ಹಿತ್ತಲಲ್ಲಿ ಮಾತಾಡ್ಕೊಳ್ಳಿ" ಎಂದು ನಮ್ಮಿಬ್ಬರನ್ನು ಹೊರಗೆ ಕಳಿಸಿದರು. ಹೆಣ್ಣು ನೋಡಲು ಅಜ್ಜಂಪುರದ ನಮ್ಮ ಮನೆಗೆ ಬಂದ ನಾಲ್ಕನೆಯವನು, ಕಡೂರಿನ ಪ್ರಸನ್ನಕುಮಾರ್. ಒಳಗಿನ ಮೆಣಸಿನಕಾಯಿ ಒಗ್ಗರಣೆಯ ಘಾಟಿಗೆ ಇಬ್ಬರಿಗೂ ಕೆಮ್ಮು. ಅವನು ನಾಚುತ್ತಲೇ ಜೇಬಿನಿಂದ ಇನ್ಹೇಲರ್ ಪಂಪ್ ತೆಗೆದು ಬಾಯಿಗಿಟ್ಟು ಒತ್ತಿದ. ಅರ್ಧ ಔಷಧಿ ಹೊಗೆಯಂತೆ ಹೊರಗೇ ಬಂತು.

ನನಗೆ ನಗು ತಡೆಯಲಾಗಲಿಲ್ಲ. "ಮೀಸೆಗೇ ಹೊಡ್ಕೊಂಡ್ಬಿಟ್ರಲ್ರೀ!"

"ನೀವೇನು ಡಾಕ್ಟ್ರಾ?"

ಅಮ್ಮ ಬಚ್ಚಿಡು ಎಂದಿದ್ದ ನನ್ನ ಇನ್ಹೇಲರನ್ನು ಸೆರಗಿನ ಮರೆಯಿಂದ ತೆಗೆದು ತೋರಿಸಿದೆ. ಅವನ ಕಣ್ಣು ಅರಳಿತು.

"ನಂದು ಪುಡಿ" ಎಂದೆ. "ಕ್ಯಾಪ್ಸೂಲ್ ಹಾಕಿ, ತಿರುಗ್ಸಿ, ಜೋರಾಗಿ ಎಳ್ಕೋಬೇಕು. ನಿಮ್ದು ಸ್ಪ್ರೇ. ಮೊದ್ಲು ಉಸ್ರು ಬಿಡಿ, ಆಮೇಲೆ ಒತ್ತುತ್ತಲೇ ನಿಧಾನಕ್ಕೆ ಎಳ್ಕೊಳ್ಳಿ. ಎಳ್ಕೊಂಡು ಹಿಡ್ಕೊಳ್ಳಿ, ನಾನು ಎಣಿಸ್ತೀನಿ."

"ಅಂದ್ರೆ ನಾನು ನಿಧಾನ, ನೀವು ಜೋರು."

"ಮಾತಾಡ್ಬೇಡಿ. ಒಂದು, ಎರಡು..."

ಉಸಿರು ಹಿಡಿದು ಅವನು ನನ್ನನ್ನೇ ನೋಡಿದ. ಏಳು ಎಣಿಸುವಷ್ಟರಲ್ಲಿ ನನ್ನ ಕೆನ್ನೆ ಬಿಸಿಯಾಯಿತು. ಹತ್ತು ಹೇಳುವುದನ್ನು ಕೊಂಚ ತಡಮಾಡಿದೆ.

ಅಷ್ಟರಲ್ಲಿ ಬಾಗಿಲಿಗೆ ಅವನ ಚಿಕ್ಕಮ್ಮ ವಿಮಲಮ್ಮ ಬಂದರು. ಕಂಡದ್ದು ನನ್ನ ಕೈಯ ಇನ್ಹೇಲರ್ ಮಾತ್ರ. "ಅಯ್ಯೋ, ಹುಡ್ಗೀಗೆ ದಮ್ಮು ಕಣ್ರೀ! ಮುಚ್ಚಿಟ್ಟು ಕೊಡಕ್ಕೆ ನೋಡಿದ್ರಾ?"

"ಅವ್ರ ಕೈಲೂ ಪಂಪ್ ಇದೆಯಲ್ಲಮ್ಮಾ?" ಎಂದೆ.

"ಅವ್ನಿಗೆ ಬರೀ ಅಲರ್ಜಿ. ಗಂಡ್ಸು ಕಣಮ್ಮ ಅವ್ನು."

ಒಂದೇ ಕಾಯಿಲೆ. ಹೆಣ್ಣಿನ ಎದೆಗೆ ಬಂದರೆ ದಮ್ಮು, ಗಂಡಿನ ಎದೆಗೆ ಬಂದರೆ ಅಲರ್ಜಿ. ಈ ಶಾಸ್ತ್ರ ಬರೆದವರು ಯಾರು? ನಾನು ಅವನ ಮುಖ ನೋಡಿದೆ. ಉಸಿರು ಹಿಡಿಯಲು ಬಾರದವನು ಮಾತನ್ನು ಮಾತ್ರ ಚೆನ್ನಾಗಿ ಹಿಡಿದುಕೊಂಡ. ಅವರ ಕಾರು ಹೋಯಿತು.

ಇಪ್ಪತ್ತು ದಿನ ಸುದ್ದಿಯಿಲ್ಲ. ತರೀಕೆರೆಯ ಕಾಲೇಜಿನ ಲೈಬ್ರರಿ ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಈಗ ಎಲ್ಲರೆದುರೇ ಇನ್ಹೇಲರ್ ಎಳೆಯತೊಡಗಿದೆ. ಪಕ್ಕದವರು ಸರಿದು ಕೂರುತ್ತಿದ್ದರು. ಕಿಟಕಿಗೆ ಮುಖ ಮಾಡಿ ನಾನೇ ಎಣಿಸಿಕೊಳ್ಳುತ್ತಿದ್ದೆ. ಹತ್ತು ಅಷ್ಟು ಉದ್ದವೆಂದು ಮೊದಲು ತಿಳಿದಿರಲಿಲ್ಲ.

ಭಾನುವಾರ ಅವನ ಫೋನ್ ಬಂತು. ಮಾತಿಲ್ಲ. ಪಂಪಿನ ಪುಸ್ಸೆಂಬ ಸದ್ದು, ಆಮೇಲೆ ಮೌನ. ನನಗೆ ಸಿಟ್ಟು ಬಂತು. ಅದಕ್ಕೂ ಮೊದಲೇ ತುಟಿ ಎಣಿಸತೊಡಗಿತ್ತು.

"...ಒಂಬತ್ತು, ಹತ್ತು. ಈಗ ಬಿಡ್ರಿ."

"ನಂಗಿರೋದೂ ದಮ್ಮೇ ಅಂತ ಹೇಳ್ಬಿಟ್ಟೆ. ಚಿಕ್ಕಮ್ಮಂಗೆ, ಎಲ್ರಿಗೂ. ಮನೇಲಿ ಯಾರೂ ಮಾತಾಡ್ಸ್ತಿಲ್ಲ."

"ಅಷ್ಟಕ್ಕೆ ಇಪ್ಪತ್ತು ದಿನ ಬೇಕಾಯ್ತಾ?"

"ನಾನು ನಿಧಾನ ಅಂದಿದ್ನಲ್ಲ. ಒಬ್ನೇ ಬರ್ಲಾ, ನಿಶ್ಚಿತಾ?"

"ಬನ್ನಿ. ಆದ್ರೆ ಹಿತ್ತಲಲ್ಲಲ್ಲ. ಜಗಲಿ ಮೇಲೆ ಕೂತು ಎಳ್ಕೊಳೋಣ. ಬೀದಿಯವ್ರೆಲ್ಲ ನೋಡ್ಲಿ."