ಮುಟ್ಟಬಾರದ ಕುರ್ಚಿ

ಫಸಲಿ ೧೩೫೦, ನಿಜಾಮರ ಆಳ್ವಿಕೆಯ ಕಾಲ. ನಾರಾಯಣಪೇಟೆಯ ಸೇವಾ ಸಂಘದ ದವಾಖಾನೆ. ಬೆಳಿಗ್ಗೆ ಬೀಗ ತೆಗೆದದ್ದೇ ತಡ, ಮೇಲ್ವಿಚಾರಕ ಅಂಜಯ್ಯ ಬೊಬ್ಬೆ ಹಾಕಿದ. ಅವನ ಕುರ್ಚಿ ಮಾಯ!

ಅಲ್ಲಿದ್ದದ್ದು ಅದೊಂದೇ ಕುರ್ಚಿ. ಉಳಿದವರು ಹೊತ್ತು ಮುಳುಗುವವರೆಗೆ ನಿಂತೇ ದುಡಿಯಬೇಕು. ಕುರ್ಚಿಯನ್ನು ಯಾರೂ ಮುಟ್ಟಕೂಡದು — ಅಂಜಯ್ಯನ ಕಟ್ಟಪ್ಪಣೆ. ಗದ್ವಾಲ ಸಂಸ್ಥಾನದ ಗದ್ದುಗೆಗೂ ಅಷ್ಟು ಕಾವಲಿತ್ತೋ ಇಲ್ಲವೋ!

ಸಂಘದ ಅಧ್ಯಕ್ಷ ಭೀಮಯ್ಯ ಬಂದರು. ಪೊಲೀಸ್ ಅಮೀನರಾಗಿ ನಿವೃತ್ತರಾದವರು. ಕಣ್ಣು ಇನ್ನೂ ಚುರುಕು.

"ಯಾರ ಮ್ಯಾಲ ಅನುಮಾನ?"

"ಇನ್ಯಾರ್ರೀ? ಸೂಲಗಿತ್ತಿ ಬುಗ್ಗಮ್ಮ! ಮೊನ್ನೆ ಕೂಡಾಕ ಬೆಂಚು ಬೇಕಂತ ಜಗಳಾ ತೆಗೆದಿದ್ಲು. ಇನ್ನೊಂದು ಕೀಲಿ ಅಕಿ ಹತ್ರಾನೇ ಐತಿ. ನೌಕರಿಯಿಂದ ತೆಗೀರಿ!"

ಬುಗ್ಗಮ್ಮ ಬಾಗಿಲಲ್ಲೇ ಇದ್ದಳು. ಕೊತ್ತಪಲ್ಲಿಯಲ್ಲಿ ರಾತ್ರಿಯಿಡೀ ಹೆರಿಗೆ ಮಾಡಿಸಿ ಆಗಷ್ಟೇ ಬಂಡಿ ಇಳಿದಿದ್ದಳು. ಈ ನೌಕರಿ ಹೋದರೆ ಅವಳ ಮನೆಯಲ್ಲಿ ಒಲೆ ಉರಿಯದು.

"ನಾ ಯಾಕ ಒಯ್ಯಲಿ ಯಪ್ಪಾ? ಕೂಡಾಕ ಪುರಸೊತ್ತರ ಎಲ್ಲೈತಿ ನನಗ?"

ಭೀಮಯ್ಯ ಅಂಜಯ್ಯನತ್ತ ತಿರುಗಿದರು. "ಕುರ್ಚಿ ಕಡೀಗೆ ನೋಡಿದ್ದು ಯಾವಾಗ?"

"ನಿನ್ನೆ ಸಂಜಿಗಿರಿ. ಹುಸೇನಮ್ಮ ನೆಲ ಸಾರಿಸಿ ಹೋದಾಗ ಇತ್ತು. ಆಮ್ಯಾಲ ನಾನೇ ಬೀಗ ಹಾಕಿದೆ."

ಭೀಮಯ್ಯ ಕುಕ್ಕರುಗಾಲಲ್ಲಿ ಕೂತು ಸಗಣಿ ಸಾರಿಸಿದ ನೆಲವನ್ನೇ ನೋಡಿದರು. ನಕ್ಕರು. ಕಸ ಗುಡಿಸುವ ಹುಸೇನಮ್ಮನನ್ನು ಕರೆದರು.

"ಕುರ್ಚಿ ಕೆಳಗ ಹೆಂಗ ಸಾರಿಸ್ತೀಯವ್ವ?"

"ಅದನ್ನ ಮುಟ್ಟಂಗಿಲ್ಲಲ್ರೀ! ಕಾಲಿನ ಸುತ್ತ ಸಾರಿಸ್ತೀನಿ. ಕಾಲಿದ್ದಲ್ಲಿ ನಾಕು ಬೋಳು ಗುರುತು ಉಳೀತಾವ."

"ನಿನ್ನೆ?"

"ಕುರ್ಚಿನೇ ಇರಲಿಲ್ರಿ. ರಿಪೇರಿಗೆ ಹೋಗೈತೇನೋ ಅಂದ್ಕೊಂಡೆ."

"ಮತ್ತ ಯಾಕ ಹೇಳಲಿಲ್ಲ?"

"ನನ್ನ ಯಾರು ಕೇಳ್ತಾರ್ರೀ?"

ಭೀಮಯ್ಯ ಎದ್ದರು. "ನೋಡಪಾ ಅಂಜಯ್ಯ, ನೆಲದಾಗ ಒಂದೂ ಬೋಳು ಗುರುತಿಲ್ಲ. ಸಾರಿಸೋಕಿಂತ ಮೊದಲೇ ಕುರ್ಚಿ ಹೋಗೈತಿ. ಆಮ್ಯಾಲೂ ಇತ್ತು ಅಂತ ಸುಳ್ಳು ಹೇಳಿದವ ನೀನೊಬ್ಬನೇ. ಬೆಂಚು ಕೇಳಿದವಳನ್ನ ಓಡಿಸಾಕ ನೀನೇ ಕದ್ದಿ. ಮುಟ್ಟಬ್ಯಾಡ್ರಿ ಅಂದಿದ್ದಲ್ಲ? ಆ ಅಪ್ಪಣೆನೇ ನಿನ್ನ ಹಿಡಕೊಟ್ಟೈತಿ!"

ಅಂಜಯ್ಯ ಇಂಗು ತಿಂದ ಮಂಗನಂತಾದ. ಕುರ್ಚಿ ಅವನ ಮನೆಯ ಅಟ್ಟದಿಂದ ಇಳಿದು ಬಂತು.

ಭೀಮಯ್ಯ ಅದನ್ನು ಬುಗ್ಗಮ್ಮನ ಮುಂದಿಟ್ಟರು. "ಕೂಡವ್ವ. ನಿನ್ನ ನೌಕರಿ ಎಲ್ಲೂ ಹೋಗಂಗಿಲ್ಲ. ನಾಳೆ ಬೆಂಚೂ ಬರ್ತಾವ."

ಅವಳು ಅಳುಕುತ್ತಲೇ ಕೂತಳು. ಏನಾದರೂ ಹೇಳುತ್ತಾಳೆಂದು ಎಲ್ಲರೂ ಕಾದರು. ಕೇಳಿಸಿದ್ದು ಗೊರಕೆ!

ಅಂಜಯ್ಯ ಎಬ್ಬಿಸಲು ಕೈ ಚಾಚಿದ.

"ಶ್! ಮುಟ್ಟಿದ್ರ ನೋಡು," ಭೀಮಯ್ಯ ಪಿಸುಗುಟ್ಟಿದರು. "ಹೊರಗ ನಿಂತು ರೋಗಿಗಳ ಚೀಟಿ ಬರಿ, ಹೋಗು."