ಚೀಸ್ ಸತ್ತ ನಲವತ್ತನೇ ದಿನ

ಗುರುವಾರ ಬೆಳಿಗ್ಗೆ ಸ್ತಾರಾ ಲೀಪಾ ಊರು ಎದ್ದು ನೋಡಿದರೆ, ಯಾರೋ ಸತ್ತಿದ್ದಾರೆ! ಡೈರಿಯ ಬಾಗಿಲು, ಬಸ್ ನಿಲ್ದಾಣ, ಚರ್ಚಿನ ಎದುರಿನ ಮರ, ದಿನಸಿ ಅಂಗಡಿಯ ಗಾಜು, ಎಲ್ಲಿ ನೋಡಿದರೂ ಕಪ್ಪು ಅಂಚಿನ ಮರಣಪತ್ರ. ಯಾರೇ ಸತ್ತರೂ ಹೀಗೆ ಅಂಟಿಸುವುದು ಆ ಊರಿನ ವಾಡಿಕೆ. ಸತ್ತ ದಿನ ಒಂದು, ನಲವತ್ತನೇ ದಿನ ಇನ್ನೊಂದು, ಆರು ತಿಂಗಳಿಗೆ ಮತ್ತೊಂದು. ಆದರೆ ಈ ಸಲ ಸತ್ತವರ ಫೋಟೋ ಇರಬೇಕಾದ ಜಾಗದಲ್ಲಿ ಸಹಕಾರಿ ಡೈರಿಯ ಚೀಸ್ ಡಬ್ಬದ ಲೇಬಲ್ಲಿತ್ತು. ಕೆಳಗೆ, ಯಾರ ಕೈಬರಹವೆಂದು ಗುರುತು ಸಿಗದ ಹಾಗೆ ಬಿಡಿ ಬಿಡಿಯಾಗಿ ಬರೆದ ದಪ್ಪ ಅಕ್ಷರ:

"ನಲವತ್ತು ದಿನ. ನಮ್ಮೂರ ಶುದ್ಧ ಮೇವಿನ ಚೀಸ್ ನಮ್ಮನ್ನು ಅಗಲಿ ಇಂದಿಗೆ ನಲವತ್ತು ದಿನ. ಕಾರಣ: ಹಸುಗಳ ಗೋದಲಿಗೆ ಕದ್ದು ಸುರಿದ ಕುಲಾಂತರಿ ಸೋಯಾ ಹಿಂಡಿ. ತಿನ್ನುವವರಿಗೆ ತಿಳಿದಿರಲಿ. ಇಂತಿ, ದುಃಖತಪ್ತ ಮನೆಯವರು."

ಜನ ಓದಿದರು, ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಯಾಕೆಂದರೆ ಡಬ್ಬದ ಮೇಲೆ ಹಸಿರು ಅಕ್ಷರದಲ್ಲಿ "ಕುಲಾಂತರಿ ಮೇವು ಇಲ್ಲ" ಎಂದು ಬರೆದಿತ್ತು, ಅದನ್ನು ನಂಬಿಯೇ ಊರವರೂ ಪೇಟೆಯವರೂ ಕೊಳ್ಳುತ್ತಿದ್ದರು.

ಮಿಂಚೊ ನಗಲಿಲ್ಲ. ಆ ಡೈರಿಯಲ್ಲಿ ಮೂವತ್ತು ವರ್ಷದಿಂದ ಚೀಸ್ ಮಾಡುತ್ತಿದ್ದವನು ಅವನೇ. ಆ ಬೆಳಿಗ್ಗೆ ಆರು ಗಂಟೆಗೆ ಮನೆಯಿಂದ ಹೊರಟಾಗ ಅಂಗಳದ ಗೇಟಿನ ಮೇಲೂ ಅಂಥದೇ ಒಂದು ಪತ್ರ ಕಂಡಿತ್ತು. ಕಿತ್ತು ಮಡಚಿ ಬೂಟಿನೊಳಗೆ ತುರುಕಿಕೊಂಡ. ಹೆಂಡತಿ ಯಾನಾ ನೋಡಿದಳೇನೋ ಎಂದು ತಿರುಗಿದರೆ ಅವಳು ಕಿಟಕಿಯಲ್ಲಿ ಬೆನ್ನು ಮಾಡಿ ನಿಂತಿದ್ದಳು. ಪುಣ್ಯ ಅಂದುಕೊಂಡ.

ಪತ್ರದಲ್ಲಿ ಬರೆದದ್ದು ಸುಳ್ಳಾಗಿದ್ದರೆ ಅವನೂ ನಗುತ್ತಿದ್ದ. ಜನವರಿ ಮೂರಕ್ಕೆ ಲಾರಿ ಬಂದಿತ್ತು. ಇನ್ನೂರು ಚೀಲ. ಒಂದೊಂದಕ್ಕೂ ಕಾನೂನಿನ ಪ್ರಕಾರ ಚೀಟಿ ಹೊಲಿದಿತ್ತು: ಕುಲಾಂತರಿ ಸೋಯಾದಿಂದ ತಯಾರಿಸಿದ್ದು. ಡೈರಿಯ ಅಧ್ಯಕ್ಷ ಗಾಂಚೊ ಅವನ ಹೆಗಲ ಮೇಲೆ ಕೈಯಿಟ್ಟು, "ಶುದ್ಧ ಹಿಂಡಿ ಎಲ್ಲೂ ಸಿಗ್ತಿಲ್ಲ ಕಣೋ. ಹೊಸ ಹುಲ್ಲು ಬರೋವರೆಗೆ ಅಷ್ಟೇ. ಚೀಟಿ ಕತ್ತರಿಸಿ ಸುಟ್ಟುಬಿಡು" ಅಂದಿದ್ದ. ಚೀಸ್ ಕೊಯ್ಯುವ ಚಾಕುವಿನಿಂದಲೇ ಇನ್ನೂರನ್ನೂ ಕತ್ತರಿಸಿದ್ದ ಮಿಂಚೊ. ನೂರತೊಂಬತ್ತೊಂಬತ್ತು ಸುಟ್ಟ. ಕೊನೆಯದನ್ನು ಒಲೆಗೆ ಹಾಕಲು ಕೈ ಬರದೆ ಅಂಗಿಯ ಜೇಬಿಗೆ ಹಾಕಿಕೊಂಡ. ಮುಂದಿನ ವಾರ ಹುಡುಕಿದರೆ ಜೇಬಲ್ಲಿ ಏನೂ ಇರಲಿಲ್ಲ. ಬಟ್ಟೆ ಒಗೆಯುವಾಗ ಕರಗಿಹೋಗಿರಬೇಕು ಎಂದು ಸುಮ್ಮನಾದ.

ಎಂಟು ಗಂಟೆಗೆಲ್ಲ ಗಾಂಚೊ ಬಿಸೆರಕ್ಕನನ್ನು ಕರೆಸಿದ. ಈ ಬಿಸೆರಕ್ಕ ಮೂವತ್ತೆರಡು ವರ್ಷ ಪುರಸಭೆಯಲ್ಲಿ ಜನನ ಮರಣ ಬರೆದುಕೊಂಡು ನಿವೃತ್ತಳಾದವಳು. ಊರಲ್ಲಿ ಏನೇ ಕಳವಾಗಲಿ, ಯಾರೇ ಕಾಣೆಯಾಗಲಿ, ಪೊಲೀಸರಿಗಿಂತ ಮೊದಲು ಅವಳ ಬಾಗಿಲು ತಟ್ಟುತ್ತಿದ್ದರು. ಅವಳಿಗೆ ಕಾರು ಓಡಿಸಲು ಬಾರದು. ಓಡಿಸುತ್ತಿದ್ದವನು ಮಿಂಚೊ. ಚರ್ಚಿನ ಬೆಳ್ಳಿ ಕದ್ದವನನ್ನು ಹಿಡಿದಾಗಲೂ ಅವಳ ಪಕ್ಕದಲ್ಲಿ ಇದ್ದವನು ಅವನೇ. ಅಂಥ ಸ್ನೇಹ.

"ಬಿಸೆರಕ್ಕ, ಇದರಲ್ಲಿ ಪತ್ತೆ ಮಾಡೋಕೆ ಏನಿದೆ?" ಗಾಂಚೊ ಮೇಜು ಗುದ್ದಿದ. "ಆ ಹೊಸ ಮೇಷ್ಟ್ರಮ್ಮ ಕಾಲಿನಾ! ಸಂತೇಲಿ ನಿಂತ್ಕೊಂಡು, ಹಸು ಏನು ತಿನ್ನುತ್ತೆ, ಕಾಗದ ತೋರ್ಸಿ ಅಂತ ಕೇಳ್ತಿದ್ಲು. ಭಾನುವಾರ ಸಭೆ ಕರೀತೀನಿ, ನೀವು ಹೆಸರು ಹೇಳಿಬಿಡಿ. ಸೋಮವಾರ ಅವಳು ಶಾಲೆಯ ವಸತಿ ಖಾಲಿ ಮಾಡ್ಬೇಕು."

"ಹೆಸರು ನೀನೇ ಹೇಳ್ತಿದ್ದೀಯಲ್ಲ, ನಾನ್ಯಾಕೆ?" ಅಂದಳು ಬಿಸೆರಕ್ಕ. "ಬರೆದದ್ದು ನಿಜವೇನೋ?"

"ಶುದ್ಧ ಸುಳ್ಳು!"

ಅವಳು ಮಿಂಚೊನ ಕಡೆ ತಿರುಗಿದಳು. "ನಿಂಗೇನಾದ್ರೂ ಗೊತ್ತೇನಪ್ಪಾ?"

"ಇಲ್ಲಕ್ಕ," ಅಂದ ಮಿಂಚೊ. ಇಪ್ಪತ್ತು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು.

ಬಿಸೆರಕ್ಕ ಮಿಂಚೊನನ್ನು ಕರೆದುಕೊಂಡು ಶಾಲೆಗೆ ಹೋದಳು. ಕಾಲಿನಾ ಹೆದರಲಿಲ್ಲ. ಸಿಟ್ಟಾಗಿದ್ದಳು. "ನಾನಾಗಿದ್ರೆ ಕೆಳಗೆ ಸಹಿ ಹಾಕ್ತಿದ್ದೆ ಅಮ್ಮಾ. ಅದು ವಿಷಾನೋ ಅಮೃತಾನೋ, ದೊಡ್ಡ ದೊಡ್ಡ ವಿಜ್ಞಾನಿಗಳೇ ಕಿತ್ತಾಡ್ತಾರೆ. ನನ್ನ ಮಗಳಿಗೆ ಏನು ತಿನ್ನಿಸ್ತಿದ್ದೀನಿ ಅಂತ ನಂಗೆ ಗೊತ್ತಿರಬೇಕು ತಾನೇ? ಫೆಬ್ರವರಿ ಆರಕ್ಕೆ ಬಂದೆ ಈ ಊರಿಗೆ. ಹತ್ತೇ ದಿನಕ್ಕೆ ಓಡಿಸ್ತೀರಾ?" ಆಮೇಲೆ ಮಿಂಚೊನನ್ನು ನೋಡಿ, "ನೀವು ಮಾಡೋ ಚೀಸ್ ಅವಳಿಗೆ ಬಹಳ ಇಷ್ಟ" ಅಂದಳು. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕಾರಿನಲ್ಲಿ ಬಿಸೆರಕ್ಕ ಪತ್ರವನ್ನು ಮಡಿಲಲ್ಲಿ ಹರಡಿಕೊಂಡಳು. "ಮೂಲೇಲಿ ನೋಡು, ಬಳ್ಳಿ ಎಲೆ. ಮರಣಪತ್ರದ ಹಾಳೆ ಮಾರೋ ಶವಪೆಟ್ಟಿಗೆ ಅಂಗಡಿ ರಾದುಲ್ ಹೋದ ಸೆಪ್ಟೆಂಬರಿಂದ ಅಂಚಿಗೆ ಬರೀ ಗೆರೆ ಹಾಕಿಸ್ತಾನೆ. ಇದು ಹಳೇ ಹಾಳೆ. ಸಾವಾದ ಮನೇಲಿ ಹತ್ತಾರು ಹಾಳೆ ಉಳಿದೇ ಉಳಿಯುತ್ತೆ. ಹೋದ ವರ್ಷ ಸೆಪ್ಟೆಂಬರಿಗೆ ಮುಂಚೆ ಸಾವಾದ ಮನೆ ಏಳು. ಮೇ ತಿಂಗಳಲ್ಲಿ ನಿಮ್ಮಮ್ಮ ಹೋದ್ರಲ್ಲ, ನಿಂದೂ ಸೇರಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಿಂಚೊ ಬೇಡದ ಕಡೆ ಗೇರ್ ಬದಲಿಸಿದ.

"ಇನ್ನು ದಿನ," ಅಂದಳು ಅವಳು. "ಇವತ್ತು ಫೆಬ್ರವರಿ ಹದಿನೈದು. ಸತ್ತ ದಿನಾನೂ ಸೇರಿಸಿ ಎಣಿಸ್ಬೇಕು. ಜನವರಿ ಏಳು ಬರುತ್ತೆ. ಸಂತ ಇವಾನನ ಹಬ್ಬ."

ಮಿಂಚೊಗೆ ಹೋದ ಜೀವ ಬಂದಂತಾಯಿತು. ಲಾರಿ ಬಂದದ್ದು ಮೂರಕ್ಕೆ. ಅಂದರೆ ಬರೆದವರಿಗೆ ಸರಿಯಾಗಿ ಏನೂ ಗೊತ್ತಿಲ್ಲ!

"ಅವತ್ತು ನಿಮ್ಮನೇಲೇ ಊಟ ಮಾಡಿದ್ವಲ್ಲೋ," ಬಿಸೆರಕ್ಕ ಹೊರಗೆ ನೋಡುತ್ತ ಅಂದಳು. "ಯಾನಾ ಅನ್ನೋದೂ ಇವಾನನ ಹೆಸರೇ ತಾನೇ, ಅವಳ ಹೆಸರಿನ ಹಬ್ಬ ಅಂತ."

"ಹೌದಕ್ಕ. ಚೀಸ್ ತುಂಬಿ ಬೇಯಿಸಿದ ಬಾನಿತ್ಸಾ ಚೆನ್ನಾಗಿದೆ ಅಂದ್ರಲ್ಲ."

"ನಾನಂದೆ. ನೀನೇನೂ ಅನ್ನಲಿಲ್ಲ."

ಶನಿವಾರ ಅವಳು ಅವನ ಮನೆಗೆ ಕಾಫಿಗೆ ಬಂದಳು. ಒಳಗೆ ಬಂದವಳು ಗೇಟು ಮುಚ್ಚಿ, ಅದರ ಒಳಮೈಯ ಮೇಲೆ ಬೆರಳಾಡಿಸುತ್ತ ಸುಮಾರು ಹೊತ್ತು ನಿಂತಳು. ಅಲ್ಲಿ ಪತ್ರ ಕಿತ್ತ ಜಾಗದ ನಾಲ್ಕು ಮೂಲೆಗೂ ಅಂಟುಪಟ್ಟಿಯ ತುಂಡು ಉಳಿದಿತ್ತು. "ಚಿಲಕ ಸರಿಯಿಲ್ವಾ ಅಕ್ಕ?" ಎಂದು ಮಿಂಚೊ ಕೂಗಿ ಕೇಳಿದ. "ಸರಿಯಾಗೇ ಇದೆ," ಅಂದಳು. ಯಾನಾ ಇಬ್ಬರಿಗೂ ಕಾಫಿ ಕೊಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು.

ಆ ರಾತ್ರಿ ಮಿಂಚೊಗೆ ನಿದ್ದೆಯಿಲ್ಲ. ಬಾಯಿ ಬಿಟ್ಟರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು. ಬಿಡದಿದ್ದರೆ ಏನೂ ಮಾಡದ ಹೆಣ್ಣುಮಗಳು ಮಗುವನ್ನು ಕಟ್ಟಿಕೊಂಡು ಬೀದಿಗೆ. ಬೆಳಗಾಗುವಷ್ಟರಲ್ಲಿ ಸುಮ್ಮನಿರುವುದೇ ವಾಸಿ ಎಂದು ತೀರ್ಮಾನಿಸಿದ್ದ, ನಾಚಿಕೆಗೆಟ್ಟವನು.

ಭಾನುವಾರ ಕ್ಷಮೆಯ ದಿನ. ಈಸ್ಟರ್ ಉಪವಾಸಕ್ಕೆ ಮುಂಚೆ ಹಾಲು ಚೀಸ್ ತಿನ್ನುವ ಕೊನೆಯ ದಿನವೂ ಅದೇ. ಅಂದು ಕಿರಿಯರು ಹಿರಿಯರ ಕೈಗೆ ಮುತ್ತಿಟ್ಟು "ಕ್ಷಮಿಸಿ" ಅನ್ನಬೇಕು, ಹಿರಿಯರು "ದೇವರು ಕ್ಷಮಿಸಲಿ" ಅನ್ನಬೇಕು. ಮಧ್ಯಾಹ್ನ ಸಂಘದ ಹಜಾರ ತುಂಬಿತ್ತು. ಕಾಲಿನಾ ಒಬ್ಬಳೇ ಕಿಟಕಿ ಪಕ್ಕ ಕೂತಿದ್ದಳು, ಅವಳ ಅಕ್ಕಪಕ್ಕದ ಕುರ್ಚಿ ಖಾಲಿ.

ಬಿಸೆರಕ್ಕ ಎದ್ದಳು. "ಮೊದಲು ಈ ಹುಡುಗಿ ವಿಷಯ. ಹಾಳೆ ಹೋದ ವರ್ಷ ಸಾವಾದ ಮನೇದು. ಅವಳು ಈ ಊರಿಗೆ ಬಂದು ಹನ್ನೆರಡು ದಿನ. ಜನವರಿ ಏಳರಂದು ಇಲ್ಲಿ ಏನು ಸತ್ತಿತು ಅಂತ ಅವಳಿಗೆ ಕನಸು ಬಿತ್ತೇ? ಅವಳಲ್ಲ."

ಗಾಂಚೊ ಎದ್ದು ನಿಂತ. "ಏಳನೇ ತಾರೀಕು ಡೈರಿಗೆ ಯಾವ ಲಾರಿನೂ ಬಂದಿಲ್ಲ!"

"ಲಾರಿ ಮಾತು ನಾನೆತ್ತಲಿಲ್ಲ ಗಾಂಚೊ. ಕೂತ್ಕೊ."

ಹಜಾರದಲ್ಲಿ ಗುಜುಗುಜು ಎದ್ದಿತು. ಗಾಂಚೊ ಕೂತ.

"ಏಳಕ್ಕೆ ಸತ್ತದ್ದು ಡೈರೀಲಿ ಅಲ್ಲ, ಒಂದು ಮನೇಲಿ," ಅಂದಳು ಬಿಸೆರಕ್ಕ. ಅವಳ ದನಿ ಇಳಿದಿತ್ತು. "ಊರೆಲ್ಲ ಪತ್ರವನ್ನ ಬೀದಿ ಕಡೆಗೆ ಅಂಟಿಸಿದ್ರು. ಒಂದು ಮನೇಲಿ ಮಾತ್ರ ಗೇಟಿನ ಒಳಮೈಗೆ ಅಂಟಿಸಿದ್ರು, ಬೀದಿಯವರಿಗೆ ಕಾಣದ ಹಾಗೆ. ಹೊರಗಿನವರು ಅಂಗಳಕ್ಕೆ ನುಗ್ಗಿ ಹಾಗೆ ಅಂಟಿಸ್ತಾರಾ? ಮನೆಯವರು ಮನೆಯವರಿಗೇ ಅಂತ ಅಂಟಿಸಿದ್ದು. ಆ ಮನೇಲಿ ಸಂತ ಇವಾನನ ಹಬ್ಬಕ್ಕೆ ನಾನೂ ಉಂಡಿದ್ದೆ. ಮೂವತ್ತು ವರ್ಷ ತಾನು ಮಾಡಿದ ಚೀಸನ್ನ ಮೂರು ಹೊತ್ತೂ ತಿಂದು, ಬಂದವರಿಗೆಲ್ಲ ಬಲವಂತ ಮಾಡಿ ತಿನ್ನಿಸ್ತಿದ್ದ ಮನುಷ್ಯ ಅವತ್ತು ತಟ್ಟೆ ಪಕ್ಕಕ್ಕೆ ತಳ್ಳಿದ. ಹೆಂಡತಿಯ ಹೆಸರಿನ ಹಬ್ಬದ ದಿನ, ಅವಳ ಕೈಯಾರೆ ಮಾಡಿದ್ದನ್ನ. ನಾನೂ ನೋಡಿದೆ. ಯಾಕೋ ಅಂತ ಕೇಳಬೇಕಿತ್ತು, ಕೇಳಲಿಲ್ಲ. ತಪ್ಪು ನಂದೂ ಇದೆ. ಅವಳು ಮಾತ್ರ ದಿನ ಎಣಿಸಿದಳು."

ಮಿಂಚೊಗೆ ಆಗ ಹೊಳೆಯಿತು. ಕಿಟಕಿಯಲ್ಲಿ ಬೆನ್ನು ಮಾಡಿ ನಿಂತಿದ್ದ ಯಾನಾ. ಮಾತಾಡದೆ ಕಾಫಿ ಕೊಟ್ಟ ಯಾನಾ. ಬೇರೆಯವರನ್ನೆಲ್ಲ ಅನುಮಾನಿಸಿದ್ದ, ಒಂದೇ ಹಾಸಿಗೆಯಲ್ಲಿ ಮಲಗುವವಳನ್ನು ಬಿಟ್ಟು.

"ಮುಂದಿಂದು ನಾನು ಹೇಳ್ಲಾ, ನೀನೇ ಹೇಳ್ತೀಯಾ?" ಬಿಸೆರಕ್ಕ ಯಾರ ಹೆಸರನ್ನೂ ಹಿಡಿಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ.

ಮಿಂಚೊ ಎದ್ದ. "ಲಾರಿ ಬಂದಿತ್ತು. ಮೂರನೇ ತಾರೀಕು. ಇನ್ನೂರು ಚೀಲ. ಚೀಟಿ ನಾನೇ ಕತ್ತರಿಸಿದೆ."

"ಸುಳ್ಳು! ಸಾಕ್ಷಿ ಎಲ್ಲಿ?" ಗಾಂಚೊ ಅರಚಿದ.

ಹಿಂದಿನ ಸಾಲಿನಿಂದ ಯಾನಾ ಬಂದಳು. ಕೈಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ನೀರಲ್ಲಿ ನೆನೆದು ಬಣ್ಣ ಹೋಗಿತ್ತು, ಆದರೆ ಇಸ್ತ್ರಿ ಹಾಕಿ ಮಟ್ಟ ಮಾಡಿತ್ತು. ಅಕ್ಷರ ಸ್ಪಷ್ಟವಾಗಿ ಓದಬಹುದಿತ್ತು. "ಅಂಗಿ ಜೇಬಲ್ಲಿತ್ತು," ಅಂದಳು. "ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಈ ಹುಡುಗಿ ಮೇಲೆ ಬರುತ್ತೆ ಅಂತ ನಂಗೂ ಗೊತ್ತಿರಲಿಲ್ಲ. ಬಂದ ಮೇಲೂ ಮೂರು ದಿನ ಬಾಯಿ ಮುಚ್ಕೊಂಡಿದ್ದೆ. ಇವನೇ ಹೇಳಲಿ ಅಂತ. ಆ ತಪ್ಪು ನಂದು."

ಗಾಂಚೊ ತಲೆ ತಗ್ಗಿಸಿದ. ಡಬ್ಬಗಳನ್ನೆಲ್ಲ ಅಂಗಡಿಗಳಿಂದ ವಾಪಸ್ ತರಿಸಬೇಕು, ಏನು ತಿನ್ನಿಸಿದೆವೋ ಅದನ್ನೇ ಬರೆದು ಮಾರಬೇಕು, ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ ಎಂದು ಸಭೆ ಅಲ್ಲೇ ಗೊತ್ತುಮಾಡಿತು.

ಮಿಂಚೊ ನಡೆದುಹೋಗಿ ಕಾಲಿನಾಳ ಮುಂದೆ ನಿಂತ. ಅವನ ಅರ್ಧ ವಯಸ್ಸಿನವಳು. ಹಿರಿಯರು ಕಿರಿಯರ ಕೈಗೆ ಮುತ್ತಿಡುವ ಪದ್ಧತಿಯಿಲ್ಲ, ಆದರೂ ಅವನು ಬಗ್ಗಿ ಅವಳ ಕೈ ಹಿಡಿದ. "ಕ್ಷಮಿಸಮ್ಮಾ."

ಅವಳು ಕೈ ಕೊಸರಿಕೊಳ್ಳಲಿಲ್ಲ. "ದೇವರು ಕ್ಷಮಿಸಲಿ," ಅಂದಳು. ಸ್ವಲ್ಪ ತಡೆದು, "ನಂಗೆ ಇನ್ನೂ ಸ್ವಲ್ಪ ದಿನ ಬೇಕು" ಅಂದಳು.

ಗಂಡ ಹೆಂಡತಿ ಒಟ್ಟಿಗೆ ಮನೆಗೆ ನಡೆದರು. ಯಾನಾ ಒಲೆಯಿಂದ ಬಾನಿತ್ಸಾ ತೆಗೆದು ಒಂದು ತುಂಡು ಅವನ ಮುಂದಿಟ್ಟಳು. ಒಳಗಿನ ಚೀಸ್ ಅವನೇ ಮಾಡಿದ್ದು, ಅದೇ ಹಿಂಡಿ ತಿಂದ ಹಸುವಿನ ಹಾಲಿನದು.

"ಕ್ಷಮಿಸು ಯಾನಾ."

"ದೇವರು ಕ್ಷಮಿಸಲಿ. ತಿನ್ನು. ನಾಳೆಯಿಂದ ಉಪವಾಸ."

ಅವನ ಕೈ ತಟ್ಟೆಯ ಹತ್ತಿರ ಹೋಗಿ ನಿಂತಿತು.

"ಇದರಲ್ಲಿ ಏನಿದೆ ಅಂತ ಇಷ್ಟು ದಿನ ನೀನು ಬಚ್ಚಿಟ್ಟಿದ್ದೆ, ಅದಕ್ಕೇ ಗಂಟಲಲ್ಲಿ ಇಳೀಲಿಲ್ಲ," ಅಂದಳು ಯಾನಾ. "ಈಗ ಊರಿಗೆಲ್ಲ ಗೊತ್ತು. ತಿನ್ನೋ."

ಮಿಂಚೊ ತುತ್ತು ಮುರಿದು ಬಾಯಿಗಿಟ್ಟ. ಎಂದಿಗಿಂತ ಉಪ್ಪು ಹೆಚ್ಚಾಗಿತ್ತು. ಕಣ್ಣೀರು ತುಟಿಯವರೆಗೆ ಇಳಿದದ್ದು ಅವನಿಗೆ ಗೊತ್ತಾಗಿರಲಿಲ್ಲ. ಯಾನಾ ಎದುರಿಗೆ ಕೂತು, ತಾನೂ ಒಂದು ತುಂಡು ತೆಗೆದುಕೊಂಡಳು.